ಮಾವನ ಎಡಪಾದ

ಗೇಮ್ ಆಡುವಾಗ ಮಾವನ ಪಾದಗಳು ಸುಮ್ಮನಿರುತ್ತಿರಲಿಲ್ಲ. ಮಗ್ಗ ತುಳಿದು ತುಳಿದು ಗಟ್ಟಿಯಾಗಿದ್ದ ಆ ಪಾದಗಳು ಟಿ.ವಿ. ಮುಂದೆಯೂ ಒಂದಾದ ಮೇಲೆ ಒಂದು ನೆಲ ಒತ್ತುತ್ತಿದ್ದವು. ಮಾವ ಎಮ್ಮಿಗನೂರಿನ ನೇಕಾರ, ನನ್ನ ತಾಯಿಯ ತಮ್ಮ. ಯಾರೋ ಆಡಿ ಬಿಟ್ಟ ಗೇಮ್ ಪೆಟ್ಟಿಗೆಯನ್ನು ಮನೆಗೆ ತಂದು, ಹಾಳುಕೋಟೆಯೊಳಗೆ ಕತ್ತಿ ಹಿಡಿದು ತಿರುಗುವ ಒಂದೇ ಆಟವನ್ನು ವರ್ಷಗಟ್ಟಲೆ ಆಡಿದ. ಅತ್ತೆ ಬೈದರೆ, "ನಿನ್ನ ಸೀರಿಯಲ್‌ಗಿಂತ ಲಗೂನ ಮುಗಿತೈತಿ ಇದು" ಎನ್ನುತ್ತಿದ್ದ. ಶುದ್ಧ ಸುಳ್ಳು, ಮುಗಿದೊಡನೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ಆಟದ ಎರಡನೆಯ ಭಾಗ ಬಂದ ವರ್ಷವೇ ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಬಿದ್ದುಹೋದವು. ಮಗ್ಗ ಹೋಯಿತೆಂದು ಅವನು ನನ್ನೆದುರು ಅಳಲಿಲ್ಲ. ಆಟ ಆಡಿಸುವ ಕಂಟ್ರೋಲರ್ ಕೈಜಾರಿದ ದಿನ ಅತ್ತ. ಅಂದಿನಿಂದ ನಾನು ಪ್ರತಿ ಭಾನುವಾರ ಆದೋನಿಯಿಂದ ಬಸ್ಸು ಹತ್ತಿ ಹೋಗಿ ಅವನ ಬಲಕ್ಕೆ ಕೂರತೊಡಗಿದೆ. ಇಬ್ಬರಿಗೂ ಒಂದೇ ಕಂಟ್ರೋಲರ್. ಎಡಗೈಯಿಂದ ಅವನು ನಡೆಸುವುದು, ಬಲಗಡೆಯ ಗುಂಡಿ ಒತ್ತಿ ನಾನು ಹೊಡೆಯುವುದು. ಕೆಳಗೆ ಎಡಪಾದವೊಂದೇ ನೆಲ ಒತ್ತುತ್ತಿತ್ತು.

ಮೊದಲ ಭಾಗವನ್ನು ಹೀಗೆಯೇ ಇನ್ನೊಮ್ಮೆ ಗೆದ್ದೆವು. ಅಲ್ಲಿ ಎಲ್ಲ ಇಕ್ಕಟ್ಟಿನ ಓಣಿಗಳು. ಶತ್ರುಗಳು ಒಬ್ಬೊಬ್ಬರಾಗಿ ಬರುತ್ತಿದ್ದರು, ಯಾವ ಬಾಗಿಲು ತೆರೆದರೂ ಸುತ್ತಿ ಬಂದು, ನಾವು ಹೊರಟ ಜಾಗದ ದೀಪದ ಬಳಿಯೇ ನಿಲ್ಲುತ್ತಿದ್ದೆವು. ಎರಡನೆಯದು ಬರೀ ಬಯಲು. ನಾಲ್ಕೂ ಕಡೆಯಿಂದ ಮೇಲೆ ಬೀಳುತ್ತಾರೆ, ಹೊಡೆಯುವುದೂ ತಪ್ಪಿಸಿಕೊಳ್ಳುವುದೂ ಒಂದೇ ಉಸಿರಿನಲ್ಲಿ ಆಗಬೇಕು.

"ಆಟ ಮಾಡಿದಾವ ಶಾಣ್ಯಾ ಅದಾನ, ಖರೆ," ಎಂದ ಮಾವ. "ಕತ್ತಿ ಮೊದಲಿಗಿಂತ ಹಗುರ ಆಗೈತಿ. ಆದ್ರ ಹಿಂದಕ್ಕ ಬರೋ ದಾರಿನ ಇಟ್ಟಿಲ್ಲ ನೋಡವ್ವಾ."

ಆದರೂ ಇದನ್ನೊಂದು ಮುಗಿಸಿಯೇ ತೀರಬೇಕೆಂಬುದು ಅವನ ಹಟ. ಕೊನೆಯ ಸೇತುವೆಯ ಮೇಲೆ ದೈತ್ಯನ ಜೀವ ಇನ್ನೊಂದೇ ಹೊಡೆತದಷ್ಟು ಉಳಿದಿತ್ತು. ಮಾವ ಹಿಂದೆ ಸರಿದ. ನಾನು ಆಸೆಗೆ ಬಿದ್ದು ಗುಂಡಿ ಒತ್ತಿದೆ. ಕತ್ತಿ ಬರೀ ಗಾಳಿಯನ್ನು ಸೀಳಿತು, ಸತ್ತೆವು.

"ನನ್ನ ಕಾಲ ನೋಡಬೇಕಿತ್ತು ನೀ," ಎಂದ.

ಅವನು ಹಿಂದೆ ಸರಿಯುವ ಮೊದಲು ಎಡಪಾದ ತಟ್ಟನೆ ನಿಲ್ಲುತ್ತಿತ್ತಂತೆ, ನೂಲು ಹರಿದಾಗ ಮಗ್ಗದಲ್ಲಿ ನಿಲ್ಲುವ ಹಾಗೆ. ಅಷ್ಟು ಭಾನುವಾರ ಪಕ್ಕದಲ್ಲೇ ಕೂತಿದ್ದೂ ನಾನದನ್ನು ಗಮನಿಸಿರಲಿಲ್ಲ.

"ಹೋಗ್ಲಿ ಬಿಡವ್ವಾ. ಮುಂದಿನ ಐತವಾರ ಹೊಡಿಯೂನು."

ಆ ಗುರುವಾರ ಎರಡನೇ ಸಲ ಲಕ್ವ ಹೊಡೆಯಿತು. ಮಾವ ಉಳಿಯಲಿಲ್ಲ. ಆ ಒಂದು ಗುಂಡಿ ಒತ್ತಿದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅತ್ತೆ ಪೆಟ್ಟಿಗೆಯನ್ನು ನನಗೇ ಕೊಟ್ಟಳು. ಆಟ ಆ ಸೇತುವೆಯ ಮುಂದೆಯೇ ನಿಂತಿದೆ. ಈಗ ಎರಡೂ ಕೈ ನನ್ನವೇ. ಹೊಡೆಯಲು ಬರುತ್ತದೆ, ನಡೆಸುವುದನ್ನು ನಾನು ಕಲಿತಿರಲೇ ಇಲ್ಲ. ಪ್ರತಿ ಸಲವೂ ಸೇತುವೆಯಿಂದ ಬೀಳುತ್ತೇನೆ. ಬಿದ್ದಾಗ ತಲೆ ತಗ್ಗಿಸಿ ನೋಡಿದರೆ, ನನ್ನ ಎರಡೂ ಪಾದಗಳು ನೆಲದ ಮೇಲೆ ಸುಮ್ಮನೆ ಇರುತ್ತವೆ.