ಎಣ್ಣೆ ಮೇಜಿನ ಜೋಡಿ

ನನ್ನ ಓರಗಿತ್ತಿಯನ್ನು ಅವಳು ಕೆಲಸ ಮಾಡುವ ಕಡೆ ಎಲ್ಲರೂ ಬಿಸಿಗೈ ಅಕ್ಕ ಎನ್ನುತ್ತಾರೆ. ನಾನು ಬರೀ ಅಕ್ಕ ಎನ್ನುತ್ತೇನೆ, ಸಿಟ್ಟು ಬಂದರೆ ಅದನ್ನೂ ಅನ್ನುವುದಿಲ್ಲ. ಅವಳ ಗಂಡ ನನ್ನ ಗಂಡನಿಗೆ ಅಣ್ಣ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ನಾವಿಬ್ಬರೂ ತಲೆ ಒಡೆದುಕೊಳ್ಳದೆ ಉಳಿದಿದ್ದೇವೆಂದರೆ ಅದರ ಪುಣ್ಯ ಅವಳ ಕೈಗೇ ಸೇರಬೇಕು. ಜಗಳ ಜೋರಾದರೆ ಅವಳು ಸೌಟು ಕೆಳಗಿಟ್ಟು, ಎಣ್ಣೆ ಬೆಚ್ಚಗೆ ಮಾಡಿ, ನನ್ನ ನೆತ್ತಿಗೆ ತಟ್ಟಲು ಶುರು ಮಾಡುತ್ತಾಳೆ. ಆಮೇಲೆ ಬೈಯಲು ನನಗೆ ನಾಲಿಗೆ ಹೊರಳುವುದಿಲ್ಲ.

ಅವಳ ಕೆಲಸ ಅಭ್ಯಂಗದ್ದು. ಆಯುರ್ವೇದ ಚಿಕಿತ್ಸಾಲಯವೊಂದರ ಹಿಂಬದಿಯ ಕೋಣೆ, ನಡುವೆ ಅಂಚು ಎತ್ತರಿಸಿದ ಮರದ ಮೇಜು, ಮೂಲೆಯಲ್ಲಿ ಬಿಸಿನೀರಿನ ಪಾತ್ರೆ, ಆ ನೀರಿನಲ್ಲಿ ಎಳ್ಳೆಣ್ಣೆಯ ಬಟ್ಟಲು. ಎಣ್ಣೆಯನ್ನು ನೇರವಾಗಿ ಉರಿಗೆ ಇಡುವಂತಿಲ್ಲ. ಬಿಸಿ ಎಷ್ಟಿದೆ ಎಂದು ಮೊದಲು ತನ್ನ ಮಣಿಕಟ್ಟಿನ ಒಳಮೈಗೆ ಹನಿಸಿ ನೋಡಬೇಕು. ಮೇಜಿನ ಆ ಬದಿಗೊಬ್ಬರು ಈ ಬದಿಗೊಬ್ಬರು ನಿಂತು ಒಟ್ಟಿಗೆ ತಿಕ್ಕುತ್ತಾರೆ. ಕೈಕಾಲುಗಳಿಗೆ ಉದ್ದಕ್ಕೆ, ಕೀಲುಗಳಿಗೆ ಸುತ್ತಲೂ, ಹೊಟ್ಟೆಗೆ ಮಾತ್ರ ತೀರಾ ಹಗುರವಾಗಿ. ಜ್ವರವಿದ್ದವರಿಗೂ ಆಗಷ್ಟೇ ಉಂಡು ಬಂದವರಿಗೂ ಮಾಡುವುದಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿ, ಬಿಸಿನೀರಿನ ಸ್ನಾನಕ್ಕೆ ಕಳಿಸುತ್ತಾರೆ. ಬಿಗಿದ ಸೊಂಟ ಸಡಿಲವಾಯಿತು, ಒಣಗಿದ ಚರ್ಮ ಮೆತ್ತಗಾಯಿತು, ಎಷ್ಟೋ ದಿನಕ್ಕೆ ಕಣ್ತುಂಬ ನಿದ್ದೆ ಬಂತು ಎಂದು ಜನ ಹೇಳುವುದನ್ನು ನಾನೇ ಕೇಳಿದ್ದೇನೆ. ಕುಂಟುತ್ತಾ ಬಂದವರು ಕುಣಿಯುತ್ತಾ ಹೋಗುತ್ತಾರೆಂದು ಮಾತ್ರ ಅಕ್ಕ ಎಂದೂ ಕೊಚ್ಚಿಕೊಂಡವಳಲ್ಲ.

ಈ ಕೆಲಸದ ಕಷ್ಟವೆಲ್ಲ ಇರುವುದು ಜೋಡಿಯಲ್ಲಿ. ಎಡಬದಿಯ ಕೈ ಮೊಣಕಾಲು ಮುಟ್ಟಿದಾಗ ಬಲಬದಿಯದೂ ಮುಟ್ಟಿರಬೇಕು, ಎರಡರ ಭಾರವೂ ಒಂದೇ ಇರಬೇಕು. ಹೆಚ್ಚುಕಡಿಮೆಯಾದರೆ ಮಲಗಿದವರ ಮೈ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಮಾತಾಡುವಂತಿಲ್ಲ, ಎದುರಿನವಳ ಉಸಿರು ನೋಡಿಕೊಂಡೇ ಹೋಗಬೇಕು. ಹಾಗೆ ಕೂಡಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಅಕ್ಕನ ಜೋಡಿ ಪುಟ್ಟಿ. ಕರೆಯುವುದು ಪುಟ್ಟಿ ಎಂದು, ಆಳು ನೋಡಿದರೆ ಬಾಗಿಲೆತ್ತರ. ಕೆಲಸಕ್ಕೆ ಬಂದ ಹೊಸದರಲ್ಲಿ ಹಿಟ್ಟು ನಾದುವ ಹಾಗೆ ತಿಕ್ಕುತ್ತಿದ್ದ ಅವಳನ್ನು ಅಕ್ಕ ಮನೆಗೆ ಕರೆತಂದು, ನನ್ನನ್ನೇ ಚಾಪೆಯ ಮೇಲೆ ಮಲಗಿಸಿ ಕಲಿಸಿದಳು. ಆ ಕಲಿಕೆ ಎಂಥದ್ದೆಂದು ನನ್ನ ಬೆನ್ನನ್ನು ಕೇಳಬೇಕು. ಅಂತೂ ಪುಟ್ಟಿ ಕಲಿತಳು, ಅಕ್ಕನಿಗೆ ಒಡಹುಟ್ಟಿದವಳಿಗಿಂತ ಹೆಚ್ಚಾದಳು.

ಹೋದ ವರ್ಷ ಅಕ್ಕನ ಬಲಗೈ ಹೆಬ್ಬೆರಳಿನ ಬುಡ ನೋಯತೊಡಗಿತು. ತೊಳೆಯುವಾಗ ಲೋಟ ಕೈಜಾರುತ್ತಿತ್ತು. ಒಂದೇ ಸೂರಿನಡಿ ಇರುವ ನನಗೆ ಅವಳು ಹೇಳಲಿಲ್ಲ, ಹೇಳಿದ್ದು ಪುಟ್ಟಿಗೆ.

"ವೈದ್ಯರಿಗೆ ಗೊತ್ತಾದ್ರೆ ನನ್ನನ್ನ ಮೇಜಿನ ಹತ್ರ ಸೇರಿಸಲ್ಲ ಕಣೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ನಾನಿದೀನಲ್ಲ ಅಕ್ಕ, ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಎಂದಳಂತೆ ಪುಟ್ಟಿ.

ಅಂದಿನಿಂದ ಅವಳು ತನ್ನ ಕೈಯ ಭಾರವನ್ನೇ ಇಳಿಸಿ ಅಕ್ಕನ ಸೋತ ಕೈಗೆ ಸರಿದೂಗಿಸಿದಳು. ಮಲಗಿದವರಿಗೆ ಸುಳಿವೂ ಸಿಗಲಿಲ್ಲ. ಇದನ್ನು ಬಹಳ ದಿನಗಳ ಮೇಲೆ ನನಗೆ ಹೇಳುವಾಗ ಅಕ್ಕನ ಕಣ್ಣು ತುಂಬಿ ಬಂದಿತ್ತು. ನನಗೆ ಹೊಟ್ಟೆಕಿಚ್ಚೇ ಆಯಿತು, ಯಾಕೆ ಸುಳ್ಳು ಹೇಳಲಿ.

ಮೊನ್ನೆ ಅಕ್ಕ ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದಾಗ ವೈದ್ಯರು ಬಾಗಿಲಲ್ಲೇ ನಿಂತಿದ್ದರು. "ಇವತ್ತು ನೀವು ಮಲಗಿ ಅಕ್ಕ. ಊರಿಗೆಲ್ಲ ಮಾಡಿದ್ದೀರ, ನಿಮಗೆ ಯಾರು ಮಾಡಿದಾರೆ? ಹೊಸಬಳೊಬ್ಬಳು ಇವತ್ತೇ ಸೇರಿದಾಳೆ, ಅವಳ ಕೈ ಹೇಗಿದೆ ಅಂತ ನೋಡಿದ ಹಾಗೂ ಆಗುತ್ತೆ."

ಅಕ್ಕ ಹಿಗ್ಗಿ ಹೋದಳು. ಇಷ್ಟು ವರ್ಷ ಬೇರೆಯವರನ್ನು ಮಲಗಿಸಿದ ಮೇಜಿನ ಮೇಲೆ ಮೊದಲ ಸಲ ತಾನೇ ಬೋರಲು ಮಲಗಿದಳು. ಬೆನ್ನಿಗೆ ಎಣ್ಣೆ ಬಿತ್ತು, ಹದವಾಗಿತ್ತು. ಒಂದು ಬದಿಗೆ ಪುಟ್ಟಿ, ಇನ್ನೊಂದು ಬದಿಗೆ ಹೊಸಬಳು. ಕೈಗಳು ಸೊಂಟದಿಂದ ಮೇಲೆ ಹೊರಟವು. ಹೆಗಲ ಮೂಳೆಯ ಕೆಳಗೆ ಒಂದು ಉಸಿರಿನಷ್ಟು ನಿಂತು ಮುಂದೆ ಹೋಗುವುದು ಅಕ್ಕ ತಾನೇ ರೂಢಿಸಿಕೊಂಡ ಪದ್ಧತಿ, ಪುಟ್ಟಿಯೊಬ್ಬಳಿಗೆ ಹೇಳಿಕೊಟ್ಟದ್ದು. ಎರಡೂ ಬದಿಯ ಕೈಗಳು ಅಲ್ಲಿ ನಿಂತವು. ಒಟ್ಟಿಗೇ ಮುಂದೆ ಹೋದವು. ಪುಟ್ಟಿಯ ಕೈ ಯಾವುದು, ಹೊಸಬಳದು ಯಾವುದು ಎಂದು ಅಕ್ಕನಿಗೇ ತಿಳಿಯಲಿಲ್ಲ.

ಅವತ್ತು ಬೆಳಗ್ಗೆ ಸೇರಿದವಳ ಕೈ ಹಾಗಿರುವುದಿಲ್ಲ. ಅಕ್ಕ ಮನೆಯಲ್ಲಿ ನನ್ನ ಜೊತೆ ಬಟ್ಟೆ ಒಗೆಯುತ್ತಿದ್ದ ರಜೆಗಳಲ್ಲೆಲ್ಲ ಆ ಮೇಜಿನ ಹತ್ತಿರ ಏನು ನಡೆಯುತ್ತಿತ್ತೆಂದು ಅವಳ ಬೆನ್ನಿಗೆ ಗೊತ್ತಾಯಿತು. ಎದ್ದು ಕೂರಬೇಕು, ಕೂಗಬೇಕು ಎಂದುಕೊಂಡಳು. ಆದರೆ ಎಷ್ಟೋ ದಿನದಿಂದ ಬಿಗಿದಿದ್ದ ಹೆಗಲು ಸಡಿಲವಾಗುತ್ತಾ ಬಂತು, ಹೆಬ್ಬೆರಳ ನೋವು ಇಳಿಯಿತು. "ನಿದ್ದೆ ಬಂದುಬಿಡ್ತು ಕಣೆ ನನಗೆ," ಎಂದು ಆಮೇಲೆ ನನಗೆ ಹೇಳುವಾಗ ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಅದಕ್ಕೇ.

ಎಚ್ಚರವಾದಾಗ ಪುಟ್ಟಿ ಟವೆಲ್ ಹಿಡಿದು ನಿಂತಿದ್ದಳು.

"ಯಾವತ್ತಿಂದ ಕಲಿಸ್ತಿದೀಯೇ ಅವಳಿಗೆ?" ಎಂದು ಅಕ್ಕ ಕೇಳಿದಳು.

ಪುಟ್ಟಿ ಸುಳ್ಳು ಹೇಳಲಿಲ್ಲ. "ನೀನು ಕೈನೋವು ಅಂದ್ಯಲ್ಲ ಅಕ್ಕ, ಅದರ ಮುಂದಿನ ರಜೆಯಿಂದ. ವೈದ್ಯರಿಗೆ ನಾನೇ ಹೇಳ್ದೆ. ನಿನ್ನ ಕೈ ಪೂರ್ತಿ ಹೋದ್ರೆ ನನ್ನ ಜೋಡಿಗೆ ಯಾರು ಅಂತ ಹೆದರಿಕೆ ಆಯ್ತು."

ವೈದ್ಯರು ಒಳಗೆ ಬಂದು, ಇನ್ನು ಮೇಲೆ ಹೊಸಬರಿಗೆ ಕಲಿಸಿಕೊಂಡು ಆರಾಮಾಗಿರಿ ಎಂದರು. "ಕಲಿಸಿದ್ದು ಸಾಕಾಯ್ತು," ಎಂದು ಅಕ್ಕ ಸ್ನಾನವನ್ನೂ ಮಾಡದೆ ಎಣ್ಣೆಮೈಯಲ್ಲೇ ಮನೆಗೆ ನಡೆದು ಬಂದಳು.

ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. "ನಡಿ, ಅವಳ ಜನ್ಮ ಜಾಲಾಡಿ ಬರ್ತೀನಿ. ನನ್ನ ಬೆನ್ನು ಮುರಿದು ಕಲಿತವಳು!"

ಅಕ್ಕ ನನ್ನ ಕೈ ಹಿಡಿದು ಕೂರಿಸಿದಳು. "ಬೇರೆಯವಳು ಬರ್ಲಿ, ಬೇಡ ಅಂದ್ನಾ? ಬಾಯಿಬಿಟ್ಟು ಹೇಳಿದ್ರೆ ನಾನೇ ಕೂತು ಕಲಿಸ್ತಿದ್ದೆ." ಎಣ್ಣೆ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ದಿನಾ ಮೇಜಿನ ಆ ಕಡೆ ನಿಂತು, ನನಗೋಸ್ಕರ ಕೈ ಹಗುರ ಮಾಡ್ಕೋತಿದ್ಲಲ್ಲ, ನಾನದನ್ನ ಪ್ರೀತಿ ಅಂದ್ಕೊಂಡಿದ್ದೆ ಕಣೆ. ಅವಳು ಆ ಹೊಸಬಳು ಕಲಿತು ಮುಗಿಸೋದನ್ನ ಕಾಯ್ತಿದ್ಲು."