ಸಿ ಬುಶ್ತಾ ಅವರ ಸೂಜಿ

ನಾನು ಊದ್ ವಾದ್ಯ ನುಡಿಸುವಾಗ ಸಿ ಬುಶ್ತಾ ಅವರ ಕೈಯಲ್ಲಿನ ಸೂಜಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಹೊಲಿಗೆ ಮರೆತು ನನ್ನ ತಂತಿಗೆ ಕಿವಿಗೊಟ್ಟಿದ್ದಾರೆ ಅಂದುಕೊಂಡು ಎರಡು ವರ್ಷ ಮೆರೆದೆ. ಅಮ್ಮನಿಗೂ ಹೇಳಿದ್ದೆ. ಅವಳು ಹಮಾಮಿಗೆ, ಅಂದರೆ ಕೇರಿಯ ಸ್ನಾನದ ಮನೆಗೆ, ಬರುವ ಹೆಂಗಸರಿಗೆಲ್ಲ ಸಾರಿದ್ದಳು.

ತೆತುವಾನ್ ಊರಿನ ದರ್ಜಿ ಓಣಿಯಲ್ಲಿ ಅವರದು ಮೂವರು ಕೂತರೆ ನಾಲ್ಕನೆಯವನು ಬೀದಿಯಲ್ಲಿ ನಿಲ್ಲಬೇಕಾದ ಅಂಗಡಿ. ಹಿರಿಯರೆಂದು ಎಲ್ಲರೂ ಹೆಸರಿನ ಮುಂದೆ ‘ಸಿ’ ಸೇರಿಸುತ್ತಾರೆ. ನಲವತ್ತು ವರ್ಷದಿಂದ ಅಲ್ಲೇ ಜಲ್ಲಾಬಾ ನಿಲುವಂಗಿ ಹೊಲಿಯುತ್ತಾರೆ, ಅಲ್ಲೇ ಊದ್ ಕಲಿಸುತ್ತಾರೆ. ಬೈಯುವುದಿಲ್ಲ, ಹೊಗಳುವುದಂತೂ ಇಲ್ಲವೇ ಇಲ್ಲ. ಮೊದಲ ಪಾಠ ಪಕ್ವವಾಯಿತು ಅನ್ನಿಸಿದ ದಿನ ಗುಂಡಿ ಡಬ್ಬಿಯಿಂದ ತಂತಿ ಮೀಟಲು ಒಂದು ಹದ್ದಿನ ಗರಿ ತೆಗೆದು ಕೊಡುತ್ತಾರೆ. ಅಲ್ಲಿಯವರೆಗೆ ಪ್ಲಾಸ್ಟಿಕ್ ಚೂರಿನಲ್ಲೇ ಮೀಟಬೇಕು. ಗರಿ ಸಿಕ್ಕವನಿಗೆ ಎರಡನೇ ಪಾಠ, ಪ್ರವಾದಿ ಜಯಂತಿಯ ದಿನ ಅವರ ಪಕ್ಕದಲ್ಲಿ ಕೂತು ನುಡಿಸಲು ಜಾಗ. ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತ ನಾನು ಕನಸು ಕಂಡದ್ದು ಅದೊಂದನ್ನೇ.

ಆಮೇಲೆ ಕಲಿಯಲು ಅನ್ವರ್ ಬಂದ. ಕೇರಿಯವರ ರೊಟ್ಟಿ ಸುಡುವ ಒಲೆಯಲ್ಲಿ ಕೆಲಸ, ಹುಬ್ಬಿನ ತುಂಬ ಹಿಟ್ಟು. ಅವನು ನುಡಿಸುವಾಗ ಸೂಜಿ ಒಮ್ಮೆಯೂ ನಿಲ್ಲಲಿಲ್ಲ. ಬೇಜಾರು ಮಾಡ್ಕೋಬೇಡ, ಮೊದಮೊದಲು ಯಾರೂ ಕೇಳಲ್ಲ ಎಂದು ದೊಡ್ಡ ಮನಸ್ಸಿನಿಂದ ಸಮಾಧಾನ ಹೇಳಿದೆ. ಒಳಗೊಳಗೇ ಹಿಗ್ಗಿದೆ.

ಅವನು ಬಂದು ಆರು ತಿಂಗಳಾಗಿತ್ತು. ಒಂದು ಶುಕ್ರವಾರ ಸಿ ಬುಶ್ತಾ ಡಬ್ಬಿ ತೆರೆದರು. ನಾನು ಕೈ ಒರೆಸಿಕೊಂಡು ಸಿದ್ಧನಾದೆ. ಗರಿ ಅನ್ವರನ ಕೈಗೆ ಹೋಯಿತು.

ಅವನ ಒಲೆ ನನ್ನ ಹೊಟ್ಟೆಯೊಳಗೆ ಹೊತ್ತಿಕೊಂಡಿತು. ಬೆನ್ನು ತಟ್ಟಿ ಶುಭಾಶಯ ಹೇಳಿದೆ, ಸ್ವಲ್ಪ ಜೋರಾಗೇ ತಟ್ಟಿದೆ. ಮರುವಾರ ಕೆಮ್ಮಿಗೆ ಔಷಧಿ ಕೇಳಿ ಬಂದಾಗ ಇದ್ದುದರಲ್ಲೇ ಕಹಿಯಾದ ಸಿರಪ್ ಹುಡುಕಿ ಕೊಟ್ಟೆ. ಕೆಮ್ಮು ಹೋಯಿತೆಂದು ಅವನು ಬಿಸಿ ರೊಟ್ಟಿ ತಂದುಕೊಟ್ಟ. ರೊಟ್ಟಿ ರುಚಿಯಾಗಿತ್ತು. ಅದಕ್ಕೂ ಉರಿಯಿತು.

ತಡೆಯಲಾರದೆ, ಸಿ ಬುಶ್ತಾ ಒಬ್ಬರೇ ಇದ್ದಾಗ ಹೋಗಿ ಕೂತೆ.

"ಸಿ ಬುಶ್ತಾ, ನಾನು ನುಡಿಸಿದ್ರೆ ನೀವು ಹೊಲಿಗೆ ನಿಲ್ಸಿ ಕೇಳ್ತೀರ. ಅವನಿಗೆ ನಿಲ್ಸೋದೇ ಇಲ್ಲ. ಮತ್ತೆ ಗರಿ ಅವನಿಗ್ಯಾಕೆ?"

ಅವರು ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಅವನ ತಾಳಕ್ಕೆ ನನ್ನ ಕೈ ತಾನಾಗೇ ಓಡುತ್ತಪ್ಪ. ನಿಂದು ತಪ್ಪಿದಲ್ಲೆಲ್ಲ ನಿಲ್ಲುತ್ತೆ."

ಹಮಾಮಿನ ಹೆಂಗಸರೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಆದರೂ ಕೇಳಿದೆ, "ಹಾಗಾದ್ರೆ ನಂಗೆ ಯಾವಾಗ ಗರಿ?"

"ನೀನು ನುಡಿಸ್ತಾ ಇರೋವಾಗ ನಾನು ಒಂದು ತೋಳು ಹೊಲಿದು ಮುಗಿಸಿದ ದಿನ," ಎಂದರು. "ಎರಡು ವರ್ಷದಲ್ಲಿ ಒಂದು ಗುಂಡಿಯೂ ಆಗಿಲ್ಲ."