ಗಜಕ್ಕೊಂದು ಅಂಗುಲ

ಗಜಕ್ಕೊಂದು ಅಂಗುಲ ಎಂದು ಅಳತೆ ಹಿಡಿದಿದ್ದೆ. ನಿಜವಾದ ಟ್ಯಾಂಕು ಆರು ಗಜ ಉದ್ದವಿದ್ದರೆ ನನ್ನದು ಆರು ಅಂಗುಲ. ಆಗ ನಾನು ಆದವಾನಿಯ ಒಂದು ಹತ್ತಿ ಕಾರ್ಖಾನೆಯಲ್ಲಿ ಗುಮಾಸ್ತ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಪತ್ರಿಕೆಗಳಲ್ಲಿ ಟ್ಯಾಂಕಿನ ಚಿತ್ರಗಳು ಬರತೊಡಗಿದವು, ನನಗೆ ಹುಚ್ಚು ಹಿಡಿಯಿತು. ಬೇವಿನ ಕಟ್ಟಿಗೆಯ ಒಂದೇ ತುಂಡಿನಲ್ಲಿ ಮೈ ಕೆತ್ತಿದೆ. ದಾರದ ರೀಲು ಕೊಯ್ದು ಗಾಲಿ ಮಾಡಿದೆ. ಗಾಲಿ ಸುತ್ತ ಕಾರ್ಖಾನೆಯ ಹರಿದ ಬೆಲ್ಟಿನ ಪಟ್ಟಿ, ತೋಪಿಗೆ ಮುರಿದ ಛತ್ರಿ ಕಡ್ಡಿ. ಮೇಲೆ ಆಳು ಇಳಿಯುವ ಮುಚ್ಚಳ ಇರುತ್ತದಲ್ಲ, ಅದನ್ನು ಚಾಕುವಿನ ಮೊನೆಯಿಂದ ದುಂಡಗೆ ಗೀರಿದೆ, ಅಷ್ಟೇ. ಚಿತ್ರದಲ್ಲಿ ಅದು ಮುಚ್ಚಿಯೇ ಇತ್ತು.

ಮನೆಯಲ್ಲಿ ಇದ್ದವರು ಮೂವರು. ನಾನು, ಗಂಡನನ್ನು ಕಳೆದುಕೊಂಡ ನನ್ನ ಅಕ್ಕ, ಹತ್ತಿರದ ಕೌತಾಳದಲ್ಲಿದ್ದ ನಮ್ಮ ಹೊಲ ನೋಡಿಕೊಳ್ಳುತ್ತಿದ್ದ ಆಕೆಯ ಒಬ್ಬನೇ ಮಗ. ಇಪ್ಪತ್ತು ತುಂಬಿದ ಅಳಿಯ ನನ್ನ ಬೆನ್ನಿಗೇ ಕುಳಿತು ಗಾಲಿ ಉಜ್ಜುತ್ತಿದ್ದ. ಅಕ್ಕ ಕಸ ಗುಡಿಸುತ್ತ, ನನ್ನ ಹೊಟ್ಟಿನ ರಾಶಿ ನೋಡಿ ನಗುತ್ತಿದ್ದಳು.

"ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ನಿಂದೂ ಅದ ಆತು ನೋಡು, ತಮ್ಮಾ."

ಫೋಟೋದ ಗೀಳು ಆಮೇಲಿನದು. ನನ್ನ ಹತ್ತಿರ ಹಳೆಯದೊಂದು ಡಬ್ಬಿ ಕ್ಯಾಮೆರಾ ಇತ್ತು. ಹತ್ತಿರದ ವಸ್ತು ಅದರಲ್ಲಿ ಮಸುಕಾಗುತ್ತಿತ್ತು. ಹತ್ತಿಯ ಎಳೆ ನೋಡುವ ಭೂತಗನ್ನಡಿಯನ್ನು ಕಾರ್ಖಾನೆಯಿಂದ ತಂದು ಅದರ ಕಣ್ಣಿಗೆ ಕಟ್ಟಿದೆ. ಎರೆ ಮಣ್ಣು ಜರಡಿ ಹಿಡಿದು ಹರವಿದೆವು. ಬೆಳಗಿನ ಓರೆ ಬಿಸಿಲಿನಲ್ಲಿ ನಾನು ಹೊಟ್ಟೆ ಅಡಿಯಾಗಿ ಮಲಗಿದೆ, ಅಳಿಯ ಗಾಲಿಯ ಹಿಂದೆ ಬೂದಿ ಊದಿದ. ಫೋಟೋ ತೊಳೆದು ನೋಡಿದರೆ, ಅಬ್ಬಾ! ಧೂಳೆಬ್ಬಿಸಿಕೊಂಡು ನಿಜವಾದ ಟ್ಯಾಂಕೇ ಬರುತ್ತಿತ್ತು.

"ಮಾಮಾ, ಇದನ್ನ ಓಡಸಬೇಕ್ರಿ ನಾನು," ಎಂದ ಅಳಿಯ.

"ಹೋಗಲೇ, ಓಡಸು. ನಾ ಬಂದು ಫೋಟೋ ಹಿಡಿತೀನಿ," ಎಂದೆ.

ತಮಾಷೆಗೆ ಆಡಿದ ಮಾತು. ಆದರೆ ಅವನು ಫೋಟೋ ಜೇಬಿಗಿಟ್ಟುಕೊಂಡು ಸೈನ್ಯಕ್ಕೆ ಹೆಸರು ಕೊಟ್ಟು ಬಂದ. ಅಕ್ಕ ನನ್ನ ಕೈ ಹಿಡಿದುಕೊಂಡಳು. "ನನ್ನ ಮಾತು ಕೇಳವಲ್ಲ. ನಿನ್ನ ಮಾತು ಕೇಳ್ತಾನ, ಬ್ಯಾಡಂತ ಹೇಳೋ." ಹೇಳುತ್ತೇನೆ ಎಂದೆ, ಹೇಳಲಿಲ್ಲ. ನನ್ನ ಅಳಿಯ ಟ್ಯಾಂಕು ಓಡಿಸುತ್ತಾನೆಂದು ಒಳಗೊಳಗೇ ಹೆಮ್ಮೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವನು ಟ್ಯಾಂಕಿನ ಪಡೆ ಸೇರಿದ. ಬರ್ಮಾ ಕಡೆಯಿಂದ ಅವನ ಕಾಗದಗಳು ಬರುತ್ತಿದ್ದವು, ಆಮೇಲೆ ನಿಂತವು. ಕೊನೆಗೊಂದು ದಿನ ಇಂಗ್ಲಿಷ್ ಕಾಗದವೂ ಸಣ್ಣದೊಂದು ಗಂಟೂ ಬಂದವು. ಗಂಟಿನಲ್ಲಿ ಅವನು ಶಿಬಿರದಲ್ಲಿ ಬಿಟ್ಟುಹೋಗಿದ್ದ ಬಾಚಣಿಗೆ, ಬೆಲ್ಟು, ಅಂಚು ಸವೆದ ನನ್ನ ಟ್ಯಾಂಕಿನ ಫೋಟೋ. ಟ್ಯಾಂಕಿಗೆ ಬೆಂಕಿ ಹತ್ತಿತು, ಒಳಗಿದ್ದ ಯಾರಿಗೂ ಹೊರಗೆ ಬರಲಾಗಲಿಲ್ಲ ಎಂದು ಕಾಗದದಲ್ಲಿತ್ತು. ಅಕ್ಕನಿಗೆ ನಾನು ಬೇರೆಯೇ ಓದಿ ಹೇಳಿದೆ: ಅವನಿಗೆ ಗುಂಡು ತಗುಲಿತು, ನೋವು ತಿಳಿಯುವ ಮೊದಲೇ ಹೋದ. ಬೆಂಕಿಯ ಸುದ್ದಿ ಎತ್ತಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡುತ್ತೇವೆ. ಮಗ ಬೆಂಕಿಯಲ್ಲಿ ಹೋದ ಎಂದು ಆ ತಾಯಿಗೆ ಯಾವ ಬಾಯಿಂದ ಹೇಳಲಿ?

ಅಕ್ಕ ಅಳಲಿಲ್ಲ. ಫೋಟೋ ನೋಡುತ್ತ ಕೇಳಿದಳು: "ಇದರಾಗ ಎಲ್ಲಿ ಕುಂದರ್ತಿದ್ದ?"

ತೋರಿಸಿದೆ.

"ಮ್ಯಾಲಿನ ಮುಚ್ಚಳ ತೆರಿತೈತೇನು?"

"ತೆರಿತೈತಿ ಅಕ್ಕಾ. ಒಳಗಿಂದಾನೂ ತೆರಿತೈತಿ."

ಆಕೆ ಎದ್ದು ಹೋಗಿ ಗೂಡಿನಲ್ಲಿದ್ದ ಕಟ್ಟಿಗೆಯ ಟ್ಯಾಂಕನ್ನೇ ತಂದಳು. ಗೀರಿದ ಗೆರೆಗೆ ಉಗುರು ಹಾಕಿ ಮೀಟಿದಳು. ಉಗುರು ಮುರಿದು ರಕ್ತ ಬಂತು. ನಾನು ನೋಡುತ್ತ ನಿಂತಿದ್ದೆ. ಅದನ್ನು ಮತ್ತೆ ಗೂಡಿನಲ್ಲಿಟ್ಟು ಒಲೆಯ ಕಡೆ ಹೋದಳು. ಬಡಿಗನ ಗಾದೆಯನ್ನು ಆಕೆ ಮತ್ತೆಂದೂ ಆಡಲಿಲ್ಲ.

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಮನೆಮನೆಯಲ್ಲೂ ಎರೆ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಸಾವಾದ ಮನೆ, ಈ ಸಲ ಹಬ್ಬವಿಲ್ಲ ಅಂದುಕೊಂಡಿದ್ದೆ. ಕಾರ್ಖಾನೆಯಿಂದ ಬಂದು ನೋಡಿದರೆ ಅಕ್ಕ ಪಡಸಾಲೆಯಲ್ಲಿ ಮಣ್ಣು ನಾದುತ್ತ ಕುಳಿತಿದ್ದಳು. ಮಗ್ಗುಲಲ್ಲಿ ಆ ಫೋಟೋ. ಎತ್ತು ಮಾಡಿರಲಿಲ್ಲ, ಟ್ಯಾಂಕು ಮಾಡಿದ್ದಳು. ಗಾಲಿ ಸೊಟ್ಟ, ತೋಪು ಗಿಡ್ಡ. ಆದರೆ ಒಳಗೆ ಮಡಕೆಯಂತೆ ಪೊಳ್ಳು ಬಿಟ್ಟಿದ್ದಳು. ಆ ಪೊಳ್ಳಿನಲ್ಲಿ ಬೆರಳುದ್ದದ ಮಣ್ಣಿನ ಮನುಷ್ಯ ಚಕ್ಕಳಬಕ್ಕಳ ಹಾಕಿ ಕುಳಿತಿದ್ದ, ಹಣೆಗೆ ವಿಭೂತಿ. ಮುಚ್ಚಳ ಬೇರೆಯಾಗಿ ಪಕ್ಕದಲ್ಲಿತ್ತು.

"ಸಾಲಿ ಮಾಸ್ತರ ಹತ್ರ ಆ ಕಾಗದ ಓದಿಸೀನಿ," ಎಂದಳು, ತಲೆ ಎತ್ತದೆ. "ಬೆಂಕ್ಯಾಗ ಹೋಗ್ಯಾನ."

ನಾನು ಆಕೆಯ ಎದುರು ಕುಳಿತೆ.

"ನಿನ್ನ ಬಂಡ್ಯಾಗ ಕುಂದ್ರಾಕ ಜಾಗಾನ ಇರ್ಲಿಲ್ಲೋ ತಮ್ಮಾ. ಅಷ್ಟು ದಿನ ಕೆತ್ತಿದಿ, ಒಳಗ ಒಬ್ಬಾತ ಇರ್ತಾನಂತ ಒಮ್ಮೆರ ಅನಿಸ್ಲಿಲ್ಲೇನು ನಿನಗ?"

"ಇಲ್ಲ ಅಕ್ಕಾ," ಎಂದೆ. ಅದಾದರೂ ನಿಜ ಹೇಳಿದೆ.

ಮರುದಿನ ಕೌತಾಳದ ಹೊಲಕ್ಕೆ ಹೋದೆವು. ಹಸಿ ಟ್ಯಾಂಕನ್ನು ಆಕೆ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದಳು. ಬದುವಿನ ಬಳಿ ನಾನೇ ಗುಣಿ ತೋಡಿದೆ. ಒಳಗಿಟ್ಟು, ಮಣ್ಣು ಎಳೆಯುವ ಮುಂಚೆ ಮುಚ್ಚಳ ಹಾಕಲು ಬಗ್ಗಿದೆ. ಅಕ್ಕ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

"ಅದನ್ನ ಹಾಕಬ್ಯಾಡ," ಎಂದಳು.